ಇಂಚು ಮೇಷ್ಟ್ರ ಎಡಗಡೆ

ಗುರುವಾರ, ಅಂಗಡಿ ಬಾಗಿಲು ಎಳೆದ ಮೇಲೆ

ನನ್ನ ಕೋಪಿಷ್ಠೆ ತಂಗಿಗೆ ಅಕ್ಕನ ಪ್ರೀತಿ.

ಫೋನು ಅದೆಷ್ಟು ಜೋರಾಗಿ ಕುಕ್ಕಿದೆಯೇ ಮಾರಾಯ್ತಿ, ನನ್ನ ಕಿವಿ ಇನ್ನೂ ಗುಂಯ್ ಅನ್ನುತ್ತಿದೆ. ಅಪ್ಪನ ಕೈಯಿಂದ ವ್ಯಾನ್ ಕಿತ್ಕೊಂಡ್ಯಲ್ಲ, ನೀನೊಬ್ಬ ಮಗಳಾ ಅಂತ ಕೇಳಿದೆ. ನಾನು ಬಾಯಿ ತೆರೆಯುವಷ್ಟರಲ್ಲಿ ಆ ಕಡೆ ನೀನೇ ಇಲ್ಲ. ಮತ್ತೆ ಫೋನು ಮಾಡಿದರೂ ಅದೇ ಕಥೆ. ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಅಳುತ್ತೇನೆ, ಇಬ್ಬರೂ ಸೇರಿ ಅಮ್ಮ ಇದ್ದ ಕಾಲದ ಯಾವುದೋ ಜಗಳಕ್ಕೆ ಹೋಗಿ ಬೀಳುತ್ತೇವೆ. ಅದಕ್ಕೇ ಈ ಕಾಗದ. ಇದನ್ನು ನೀನು ಮುದುಡಿ ಎಸೆಯಬಹುದು, ಆದರೆ ನಡುವೆ ಬಾಯಿ ಹಾಕಲು ಆಗುವುದಿಲ್ಲ. ನಿನ್ನ ಬೇಕರಿಗೆ ಹಿಟ್ಟು ತರುವ ಲಾರಿಯವನು ನಾಳೆ ಬೆಳಗ್ಗೆ ನಮ್ಮ ಬೀದಿಯಿಂದಲೇ ಹೊರಡುತ್ತಾನಂತೆ, ಅವನ ಕೈಯಲ್ಲೇ ಕಳಿಸುತ್ತೇನೆ.

ಹೌದು, ಶಾಲೆಗೆ ಹೋಗಿ ಹೇಳಿದವಳು ನಾನೇ. ಅಪ್ಪ ಇನ್ನು ಮಕ್ಕಳ ವ್ಯಾನ್ ಓಡಿಸಬಾರದು ಅಂತ ಹೆಡ್‌ಮಿಸ್ ಎದುರು ನಿಂತು, ಅಪ್ಪನನ್ನು ಒಂದು ಮಾತೂ ಕೇಳದೆ ಹೇಳಿದೆ. ನೀನು ಬಯ್ಯುವುದಕ್ಕೆ ಮೊದಲು ಭಾನುವಾರ ಏನಾಯಿತು, ಸೋಮವಾರ ಏನಾಯಿತು ಅಂತ ಪೂರ್ತಿ ಓದು. ನನಗಂತೂ ಸೋಮವಾರದಿಂದ ಕೆಲಸದ ಮೇಲೆ ಗಮನವೇ ಇಲ್ಲ. ಅಂಗಡಿಯಲ್ಲಿ ಒಂದು ಮದುವೆ ಫೋಟೋಗೆ ಕಟ್ಟು ಹಾಕಲು ಹೋಗಿ ಗಾಜನ್ನು ಎರಡು ಸಲ ತಪ್ಪಾಗಿ ಕತ್ತರಿಸಿದೆ. ಇಷ್ಟು ವರ್ಷದಲ್ಲಿ ಹೀಗೆ ಆಗಿರಲಿಲ್ಲ.

ಅಪ್ಪನ ಆಟ ಅಂದರೆ ನಿನಗೆ ಅಲರ್ಜಿ, ಗೊತ್ತು. ಅವನು ಊಟದ ಮೇಜಿನ ಮೇಲೆ ಪುಟಾಣಿ ಸೈನಿಕರಿಗೆ ಬಣ್ಣ ಬಳಿಯಲು ಕೂತಾಗಲೆಲ್ಲ ನೀನು ತಟ್ಟೆ ಎತ್ತಿಕೊಂಡು ಒಳಗೆ ಹೋಗುತ್ತಿದ್ದೆ. ಆದರೆ ಆಟ ಸ್ವಲ್ಪವಾದರೂ ಗೊತ್ತಿಲ್ಲದಿದ್ದರೆ ನನ್ನ ಎದೆ ಯಾಕೆ ಒಡೆಯಿತು ಅಂತ ನಿನಗೆ ತಿಳಿಯುವುದಿಲ್ಲ. ಒಂದು ಪುಟದಷ್ಟು ತಾಳ್ಮೆ ತಗೋ.

ಲಾಂಡ್ರಿಯ ಮಹಡಿ ಮೇಲಿನ ಕೋಣೆ ನೆನಪಿದೆಯಲ್ಲ, ಯಾವಾಗಲೂ ಇಸ್ತ್ರಿಯ ಬಿಸಿ ವಾಸನೆ ಬರುವುದು? ಅಪ್ಪನ ಕ್ಲಬ್ಬಿನವರ ಭಾನುವಾರದ ಆಟ ಅಲ್ಲೇ. ದೊಡ್ಡ ಮೇಜು, ಅದರ ಮೇಲೆ ಹಸಿರು ಬಟ್ಟೆ, ಬಟ್ಟೆಯ ಮೇಲೆ ರಟ್ಟಿನ ಗುಡ್ಡ, ಕಾಡು, ಕೆರೆ. ಹೆಬ್ಬೆರಳುದ್ದದ ಸೈನಿಕರು ಸಾಲು ಸಾಲಾಗಿ ಪಡೆ ಕಟ್ಟಿ ನಿಲ್ಲುತ್ತಾರೆ. ಇಡೀ ಪಡೆ ಒಟ್ಟಿಗೇ ಚಲಿಸಬೇಕು. ಕಾಲಾಳು ಒಂದು ಸರದಿಗೆ ಇಷ್ಟು ಇಂಚು, ಕುದುರೆ ಅದರ ಎರಡರಷ್ಟು. ತಿರುಗಬೇಕೆಂದರೆ ನಿಂತಲ್ಲೇ ಗಿರ್‍ರನೆ ತಿರುಗುವ ಹಾಗಿಲ್ಲ. ಒಂದು ತುದಿ ನೆಟ್ಟಗೆ ನಿಂತು ಇನ್ನೊಂದು ತುದಿ ಬಾಗಿಲಿನಂತೆ ಸುತ್ತಿ ಬರಬೇಕು, ಆ ಹೊರಗಿನವನು ನಡೆದ ದೂರವನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ಡ್ರೈವರ್ ಕೆಲಸದಲ್ಲಿ ಉದ್ದದ ಬಸ್ಸನ್ನು ಇಕ್ಕಟ್ಟಿನ ತಿರುವಿನಲ್ಲಿ ತಿರುಗಿಸಿದ ಅಪ್ಪನಿಗೆ ಇದೆಲ್ಲ ನೀರು ಕುಡಿದಷ್ಟು ಸಲೀಸು.

ಮಜಾ ಇರುವುದು ದಾಳಿಯಲ್ಲಿ. ಶತ್ರುವಿನ ಮೇಲೆ ನುಗ್ಗಬೇಕಾದರೆ ಮೊದಲು ಬಾಯಿಬಿಟ್ಟು ಸಾರಬೇಕು, ನನ್ನ ಇಂಥ ಪಡೆ ನಿನ್ನ ಇಂಥ ಪಡೆಯ ಮೇಲೆ ಹೋಗುತ್ತಿದೆ ಅಂತ. ಟೇಪು ಹಿಡಿಯುವುದು ಆಮೇಲೆ. ಸಾರುವ ಮೊದಲು ಅಳೆಯುವ ಹಾಗಿಲ್ಲ, ಸಾರಿದ ಮೇಲೆ ಹಿಂದೆ ತೆಗೆದುಕೊಳ್ಳುವ ಹಾಗಿಲ್ಲ. ಕಣ್ಣಂದಾಜು ತಪ್ಪಿ ದೂರ ಹೆಚ್ಚಾಯಿತೋ, ನಿನ್ನವರು ಅರ್ಧ ದಾರಿ ಓಡಿ ಬಾಯಿ ಬಿಟ್ಟುಕೊಂಡು ಬಯಲಲ್ಲಿ ನಿಲ್ಲುತ್ತಾರೆ, ಎದುರಾಳಿ ಚಚ್ಚಿ ಹಾಕುತ್ತಾನೆ. ಅಪ್ಪನಿಗೆ ಕ್ಲಬ್ಬಿನಲ್ಲಿ ಇಂಚು ಮೇಷ್ಟ್ರು ಅಂತ ಹೆಸರು ಬಂದದ್ದೇ ಇದರಿಂದ. ಕೈ ಕಟ್ಟಿಕೊಂಡು ನೋಡಿ ಹನ್ನೊಂದೂವರೆ ಇಂಚು ಅಂದರೆ ಟೇಪು ಹನ್ನೊಂದೂವರೆಯೇ ತೋರಿಸುತ್ತಿತ್ತು.

ಇನ್ನೊಂದೇ ನಿಯಮ, ಮುಗಿಯಿತು. ಪಡೆಗೆ ಕಾಣುವುದು ತನ್ನ ಮುಂದಿನದು ಮಾತ್ರ. ಪಕ್ಕದಿಂದ, ಹಿಂದಿನಿಂದ ಬಂದವರು ಅದಕ್ಕೆ ಕಾಣುವುದಿಲ್ಲ, ಪಕ್ಕದಿಂದ ಬಿದ್ದ ಏಟು ಸಾವಿನ ಏಟು. ಆದರೆ ಪಡೆಗೆ ಕಾಣದ್ದು ಮೇಲಿನಿಂದ ನೋಡುವ ಆಟಗಾರನಿಗೆ ಕಾಣುತ್ತದೆ. ಆಟ ಆಡುವುದು ಅಂದರೆ ಅದೇ, ಅವರಿಗಾಗಿ ನೀನು ಅಕ್ಕಪಕ್ಕ ನೋಡುವುದು.

ಈಗ ಕೇಳು. ಎರಡು ವರ್ಷದಿಂದ ಅಪ್ಪ ಒಂದು ಹೊಸ ತಂತ್ರ ಹಿಡಿದಿದ್ದ. ಯಾವ ಆಟವಾಗಲಿ, ತನ್ನ ಸೈನ್ಯದ ಎಡಗಡೆಗೆ ಕೆರೆ ಬರುವ ಹಾಗೆ ನೋಡಿಕೊಳ್ಳುತ್ತಿದ್ದ. ಕೆರೆ ದಾಟಲು ಯಾರಿಗೂ ಆಗುವುದಿಲ್ಲ, ಆದ್ದರಿಂದ ಎಡಗಡೆಯಿಂದ ಯಾರೂ ಬರುವುದಿಲ್ಲ. ಕ್ಲಬ್ಬಿನವರೆಲ್ಲ ಇದಕ್ಕೆ ಮರುಳಾಗಿ ತಾವೂ ಎಡಕ್ಕೆ ಕೆರೆ ಇಟ್ಟುಕೊಳ್ಳಲು ಶುರುಮಾಡಿದರು. ಕ್ಲಬ್ಬಿನ ಕಾರ್ಯದರ್ಶಿ ಇದ್ದಾನಲ್ಲ, ಔಷಧಿ ಅಂಗಡಿಯವನು, ನಾವು ಮಾತ್ರೆ ಅಂತ ಕರೆಯುವುದು, ಅವನು ಹೊಸಬರಿಗೆ ಇದನ್ನು ಪಾಠ ಬೇರೆ ಮಾಡುತ್ತಿದ್ದ. ನಾನೂ ಕಲಿತೆ. ಯಾಕಪ್ಪಾ ಎಡಕ್ಕೇ ಅಂತ ಒಬ್ಬರೂ ಕೇಳಲಿಲ್ಲ. ದೊಡ್ಡವರು ಮಾಡಿದರೆ ತಂತ್ರ ಅಲ್ಲವಾ!

ಈ ಭಾನುವಾರ ಪಂದ್ಯಾವಳಿಯ ಕೊನೆಯ ಆಟ, ಅಪ್ಪನಿಗೂ ನನಗೂ. ಕೆರೆ ಗುಡ್ಡ ಎಲ್ಲ ದಾಳ ಹಾಕಿಯೇ ಇಡಬೇಕು ಅಂತ ಮಾತ್ರೆ ಹಟ ಹಿಡಿದ. ದಾಳ ಬಿತ್ತು, ಕೆರೆ ಅಪ್ಪನ ಬಲಕ್ಕೆ ಹೋಯಿತು. ಅಪ್ಪ ಮೇಜಿನ ಆ ಬದಿಗೆ ಹೋಗಿ ಆಡ್ತೀನಿ ಅಂದ, ನಿಯಮದಲ್ಲಿಲ್ಲ ಅಂದ ಮಾತ್ರೆ. ಅಪ್ಪ ತನ್ನ ಬದಿಯಲ್ಲೇ ಕೂತ. ಅವನ ಮುಖ ಸ್ವಲ್ಪ ಕಪ್ಪಿಟ್ಟಿದ್ದು ನೋಡಿ ನನಗೆ ಒಳಗೊಳಗೇ ಖುಷಿ. ಹುಟ್ಟಿದಾಗಿನಿಂದ ಒಂದು ಸಲವೂ ಸೋಲಿಸಿಲ್ಲ ಕಣೇ, ಇವತ್ತು ನೋಡ್ತೀನಿ ಅಂದುಕೊಂಡೆ.

ನನ್ನದು ರಾಕ್ಷಸರ ಪಡೆ. ಒಬ್ಬೊಬ್ಬನೂ ಮುಷ್ಟಿಗಾತ್ರ, ಮೈಗೆಲ್ಲ ಕಣ್ಣಿಗೆ ರಾಚುವ ಕೆಂಪು. ಅವರನ್ನು ಅಪ್ಪನ ಎಡ ಅಂಚಿನುದ್ದಕ್ಕೂ ಮುಂದೆ ತಂದೆ. ಕದ್ದುಮುಚ್ಚಿ ಅಲ್ಲ, ಎಲ್ಲರೂ ನೋಡುತ್ತಿರುವಾಗಲೇ, ಸರದಿಗಿಷ್ಟು ಅಂತ ಗಟ್ಟಿಯಾಗಿ ಅಳೆದು ತಂದೆ. ಅಪ್ಪ ಅವರ ಕಡೆ ತಲೆಯನ್ನೇ ಹಾಕಲಿಲ್ಲ. ಅಷ್ಟೇ ಅಲ್ಲ, ತನ್ನ ಕುದುರೆ ಸವಾರರನ್ನು ಬಾಗಿಲಿನ ಹಾಗೆ ತಿರುಗಿಸಿ, ಅವರ ಪಕ್ಕೆಯನ್ನು ನೇರ ನನ್ನ ರಾಕ್ಷಸರ ಬಾಯಿಗೆ ಕೊಟ್ಟ. ಸುತ್ತ ನಿಂತವರು ಹೋ ಅಂದರು. ಮಾತ್ರೆ ನನ್ನ ಕಿವಿಯಲ್ಲಿ, ಬಲೆ ಬೀಸ್ತಿದಾರೆ ನಿಮ್ಮಪ್ಪ, ಹುಷಾರು ಅಂದ. ನನಗೂ ಹಾಗೇ ಅನ್ನಿಸಿತು. ಅಪ್ಪ ನನ್ನ ಬಿಲ್ಲಿನವರ ಮೇಲೆ ದಾಳಿ ಸಾರಿದ, ದೂರವನ್ನೂ ಹೇಳಿದ, ಟೇಪು ಕೂದಲೆಳೆಯಷ್ಟೂ ಆಚೀಚೆ ಆಗಲಿಲ್ಲ. ಬಿಲ್ಲಿನವರು ನುಚ್ಚುನೂರಾದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಆಮೇಲೆ ನನ್ನ ಸರದಿ. ಆದದ್ದಾಗಲಿ ಅಂತ ಎದ್ದು ನಿಂತು, ನನ್ನ ರಾಕ್ಷಸರು ನಿನ್ನ ಕುದುರೆಗಳ ಪಕ್ಕಕ್ಕೆ ಅಂತ ಸಾರಿದೆ.

ಅಪ್ಪ ನಗುತ್ತಾ, ಯಾವ ರಾಕ್ಷಸರು ಅಂತ ಕೇಳಿದ.

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಆದರೆ ಅಪ್ಪನ ನಗು ಆಟದ ನಗು ಆಗಿರಲಿಲ್ಲ, ನಿಜವಾಗಿಯೂ ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡು ನಕ್ಕಿದ್ದ. ನಗು ನಿಂತ ಮೇಲೆ ಅವನ ಎಡಗೈ ಮೇಜಿನ ಅಂಚನ್ನು ತಡವಿಕೊಂಡು ಹೋಯಿತು. ಒಬ್ಬ ರಾಕ್ಷಸನ ಕಾಲಿಗೆ ಬೆರಳು ತಾಗಿತು. ಆಗ ಅಪ್ಪ ಕುರ್ಚಿ ಸಮೇತ, ತಲೆ ಮಾತ್ರ ಅಲ್ಲ, ಇಡೀ ಮೈಯನ್ನು ಎಡಕ್ಕೆ ತಿರುಗಿಸಿ ನೋಡಿದ. ಆ ಮುಖ ನೀನು ನೋಡಬೇಕಿತ್ತು. ಬೇಡ, ನೋಡದಿದ್ದದ್ದೇ ಒಳ್ಳೆಯದು. ಓಹೋ ಇವರಾ, ನೋಡಿದ್ದೆ ನೋಡಿದ್ದೆ ಅಂದ.

ದಾಳಿಗೆ ಸಿಕ್ಕವರು ನಿಲ್ಲಬಹುದು, ಇಲ್ಲವೇ ಓಡಬಹುದು. ಅಪ್ಪ ಯಾವತ್ತೂ ತನ್ನವರನ್ನು ಓಡಿಸಿದವನಲ್ಲ, ಓಡುವವರು ಬಸ್ಸು ಹಿಡಿಯಲು ಓಡಲಿ ಅಂತ ಗೇಲಿ ಮಾಡುತ್ತಿದ್ದ. ಅವತ್ತು ಒಂದೇ ಮಾತು, ಓಡ್ತಾರೆ ಅಂದ. ಕುದುರೆಗಳು ಓಡಿ ಮೇಜಿನ ಅಂಚು ದಾಟಿದವು, ಹೋದವು, ಆಟ ಮುಗಿಯಿತು. ಅಪ್ಪ ನನ್ನ ಕೈ ಕುಲುಕಿದ. ಅವನ ಅಂಗೈ ಒದ್ದೆಯಾಗಿತ್ತು. ನಾನು ಜೀವಮಾನದಲ್ಲಿ ಮೊದಲ ಸಲ ಗೆದ್ದಿದ್ದೆ, ಯಾಕೆ ಗೆದ್ದೆ ಅಂತ ತಿಳಿಯದೆ ಕೂತಿದ್ದೆ.

ಮನೆಗೆ ಬರುವ ದಾರಿಯಲ್ಲಿ ಕಣ್ಣು ಹೇಗಿದೆ ಅಪ್ಪಾ ಅಂತ ಕೇಳಿದೆ. ಹದ್ದಿನ ಕಣ್ಣು ಅಂದ. ವಯಸ್ಸಾಯಿತು, ದಣಿದಿರಬೇಕು, ಗಮನ ಎಲ್ಲೋ ಇತ್ತು ಅಂತ ನನಗೆ ನಾನೇ ಹೇಳಿಕೊಂಡೆ. ಆದರೆ ಮನಸ್ಸು ಕೇಳಬೇಕಲ್ಲ. ಸೋಮವಾರ ಬೆಳಗ್ಗೆ, ಸ್ಕೂಟರ್ ಕೈ ಕೊಟ್ಟಿದೆ, ಅಂಗಡಿ ಹತ್ತಿರ ಇಳಿಸು ಅಂತ ಸುಳ್ಳು ಹೇಳಿ ವ್ಯಾನಿನ ಹಿಂದಿನ ಸೀಟಿನಲ್ಲಿ ಚಿಲ್ಟಿಯ ಪಕ್ಕ ಕೂತೆ.

ನನ್ನ ಮಗಳು ಚಿಲ್ಟಿ ತಾತನ ವ್ಯಾನಿನ ಪೆಪ್ಪರಮೆಂಟು ಆಟದ ಬಗ್ಗೆ ನಿನಗೂ ಹೇಳಿರಬೇಕು. ದಿನಾ ಮನೆಗೆ ಬಂದು ಇವತ್ತು ನನಗೆ ಎರಡು ಸಿಕ್ಕಿತು, ಅವಳಿಗೆ ಮೂರು ಸಿಕ್ಕಿತು ಅಂತ ಒದರುತ್ತಾಳೆ. ತಾತ ಮಕ್ಕಳನ್ನು ಎಷ್ಟು ಚೆನ್ನಾಗಿ ರಮಿಸುತ್ತಾನೆ ಅಂತ ನಾನು ಪಕ್ಕದ ಮನೆಯವರ ಹತ್ತಿರ ಕೊಚ್ಚಿಕೊಂಡಿದ್ದೆ. ಆಟ ಏನು ಅಂತ ನಾನು ಕೇಳಿರಲಿಲ್ಲ. ಪೆಪ್ಪರಮೆಂಟು ಅಂದ ಮೇಲೆ ಕೇಳುವುದೇನಿದೆ?

ವ್ಯಾನ್ ಹೊರಟಿತು. ಹೊರಟ ಕೂಡಲೇ ಒಬ್ಬ ಹುಡುಗ, ಎಡಗಡೆ ಸೈಕಲ್ಲು ಅಂತ ಕೂಗಿದ. ಭೇಷ್ ಅಂದ ಅಪ್ಪ, ಗೇರಿನ ಪಕ್ಕದ ಡಬ್ಬಿಯಿಂದ ಒಂದು ಪೆಪ್ಪರಮೆಂಟು ತೆಗೆದು ಹಿಂದಕ್ಕೆ ಕೊಟ್ಟ. ಎಡಗಡೆ ನಾಯಿ, ಅಂದಳು ಇನ್ನೊಬ್ಬಳು. ಎಡಗಡೆ ಅಜ್ಜಿ, ಎಡಗಡೆ ಕಾರು ಹೊರಗೆ ಬರ್ತಾ ಇದೆ, ಎಡಗಡೆ ಗುಂಡಿ. ನನ್ನ ಚಿಲ್ಟಿ ಕಿಟಕಿಗೆ ಮೂಗು ಒತ್ತಿಕೊಂಡು, ರೆಪ್ಪೆ ಮಿಟುಕಿಸದೆ ಕಾಯುತ್ತಿದ್ದಳು. ಬಲಗಡೆ ಒಂದು ಆನೆ ಹೋದರೂ ಆ ಮಕ್ಕಳು ನೋಡುತ್ತಿರಲಿಲ್ಲ. ಬಲಗಡೆಯದಕ್ಕೆ ಪೆಪ್ಪರಮೆಂಟು ಇಲ್ವಾ ಅಂತ ಚಿಲ್ಟಿಯನ್ನು ಕೇಳಿದೆ. ಅದಕ್ಕಿಲ್ಲಮ್ಮಾ, ಅದು ತಾತಂಗೆ ಕಾಣತ್ತೆ ಅಂದಳು. ಹಿಂದಿನ ದಿನ ಹೆಚ್ಚು ಗೆದ್ದವರಿಗೆ ಮುಂದಿನ ಎಡ ಸೀಟು ಬಹುಮಾನ ಅಂತ ಕೂಡ ಹೇಳಿದಳು.

ಅದು ತಾತಂಗೆ ಕಾಣತ್ತೆ! ವ್ಯಾನ್ ಓಡಿಸುತ್ತಿದ್ದದ್ದು ಅಪ್ಪ ಅಲ್ಲ ಕಣೇ. ಹಲ್ಲು ಬೀಳುವ ವಯಸ್ಸಿನ ಮಕ್ಕಳು ಪೆಪ್ಪರಮೆಂಟಿನ ಆಸೆಗೆ ವ್ಯಾನ್ ಓಡಿಸುತ್ತಿದ್ದವು.

ನಿಲ್ಲಿಸು ಅಂತ ಕೂಗಬೇಕು, ಬಾಯಿ ಬರುತ್ತಿಲ್ಲ. ಇನ್ನು ಒಂದು ತಿರುವು, ಶಾಲೆ ಬಂದೇಬಿಡುತ್ತದೆ ಅಂದುಕೊಂಡೆ. ಅಷ್ಟರಲ್ಲಿ ಮುಂದಿನ ಸೀಟಿನ ಹುಡುಗಿಯ ಹಲ್ಲು ಬಿತ್ತು. ದೇವರಾಣೆ, ಅದೇ ಹೊತ್ತಿಗೆ! ಹಲ್ಲು ಹಲ್ಲು ಅಂತ ಅವಳು ಕಿರುಚಿದಳು, ರಕ್ತ ಬಂತು, ವ್ಯಾನಿನಲ್ಲಿದ್ದ ಎಲ್ಲ ಮಕ್ಕಳೂ ಸೀಟು ಬಿಟ್ಟು ಅವಳ ಅಂಗೈ ನೋಡಲು ಮುಂದಕ್ಕೆ ಬಾಗಿದವು. ಎಡಗಡೆಗೆ ಒಂದು ಕಣ್ಣೂ ಉಳಿಯಲಿಲ್ಲ. ಆಗಲೇ ಎಡಗಡೆ ಕಟ್ಟೆಯಿಂದ ಒಬ್ಬಳು ಹೆಂಗಸು ಮಗುವಿನ ತಳ್ಳುಗಾಡಿ ಹಿಡಿದು ರಸ್ತೆಗಿಳಿದಳು.

ನನಗೆ ಬಾಯಿ ಹೇಗೆ ಬಂತೋ ಗೊತ್ತಿಲ್ಲ. ಅಪ್ಪಾ ಎಡಕ್ಕೆ ಅಂತ ಅರಚಿದೆ. ಅಪ್ಪ ಬ್ರೇಕು ಒತ್ತಿದ ರಭಸಕ್ಕೆ ಮಕ್ಕಳೆಲ್ಲ ಒಬ್ಬರ ಮೇಲೊಬ್ಬರು ಬಿದ್ದವು. ತಳ್ಳುಗಾಡಿಗೂ ವ್ಯಾನಿಗೂ ನಡುವೆ ಒಂದು ಗೇಣು ಜಾಗ ಇತ್ತು ಅಷ್ಟೇ. ಆ ಹೆಂಗಸು ಬಯ್ಯಲೂ ಇಲ್ಲ, ಕೂಗಲೂ ಇಲ್ಲ. ಬಾನೆಟ್ಟಿನ ಮೇಲೆ ಅಂಗೈ ಊರಿಕೊಂಡು ನಿಂತಳು, ಆಮೇಲೆ ಗಾಡಿ ತಳ್ಳಿಕೊಂಡು ಹೋದಳು. ಗಾಡಿಯೊಳಗೆ ಮಗು ನಿದ್ದೆ ಮಾಡುತ್ತಿತ್ತು.

ಆಗ ಅಪ್ಪ ಏನು ಮಾಡಿದ ಗೊತ್ತಾ? ಹಿಂದೆ ತಿರುಗದೆ, ಡಬ್ಬಿಯಿಂದ ಒಂದು ಪೆಪ್ಪರಮೆಂಟು ತೆಗೆದು ಹಿಂದಕ್ಕೆ ಚಾಚಿದ. ಯಾರದು ಮೊದಲು ಹೇಳಿದ್ದು ಅಂತ ಕೇಳಿದ. ನಾನಪ್ಪಾ ಅಂದೆ. ಆ ಕೈ ಹಾಗೇ ಗಾಳಿಯಲ್ಲಿ ನಿಂತುಬಿಟ್ಟಿತು. ಪೆಪ್ಪರಮೆಂಟು ಕೆಳಗೆ ಬಿತ್ತು, ಯಾರೂ ಎತ್ತಿಕೊಳ್ಳಲಿಲ್ಲ.

ಮಕ್ಕಳನ್ನು ಇಳಿಸಿ, ಕೈ ಕೈ ಹಿಡಿಸಿ, ಶಾಲೆಯವರೆಗೆ ನಡೆಸಿಕೊಂಡು ಹೋದೆ. ಅವಕ್ಕೆ ಅದೂ ಒಂದು ಆಟ. ವಾಪಸ್ ಬಂದಾಗ ಅಪ್ಪ ಸ್ಟಿಯರಿಂಗ್ ಹಿಡಿದೇ ಕೂತಿದ್ದ. ಕೀ ಕೊಡು ಅಂದೆ. ಎರಡು ವರ್ಷದಿಂದ ಒಂದು ಗೀರು ಬಿದ್ದಿದೆಯಾ ಈ ವ್ಯಾನಿಗೆ, ಹೇಳು ನೋಡೋಣ ಅಂದ. ಎರಡು ವರ್ಷ! ನಿನಗೆ ಗೊತ್ತಿತ್ತಾ ಅಪ್ಪಾ ಅಂದೆ. ಗೊತ್ತಿಲ್ದೆ ಏನು, ಎಡಗಡೆ ಕನ್ನಡಿ ಇಲ್ದೇ ಇರೋ ಬಸ್ಸುಗಳನ್ನೂ ಓಡಿಸಿದೋನು ನಾನು, ಇದೇನು ಮಹಾ ಅಂದ. ಆಮೇಲೆ ದನಿ ತಗ್ಗಿಸಿ, ಮಕ್ಕಳ ಕಣ್ಣು ನನ್ನ ಕಣ್ಣಿಗಿಂತ ಚುರುಕು ಕಣಮ್ಮಾ ಅಂದ.

ನಿಜ ಹೇಳುತ್ತೇನೆ, ಆ ಕ್ಷಣಕ್ಕೆ ನನಗೆ ಅಪ್ಪನ ಮೇಲೆ ಅಸಹ್ಯ ಬಂತು. ಮರುಕ್ಷಣವೇ ಅವನ ಕಾಲ ಮೇಲೆ ತಲೆಯಿಟ್ಟು ಅಳಬೇಕು ಅನ್ನಿಸಿತು. ಎರಡನ್ನೂ ಮಾಡಲಿಲ್ಲ. ಕೀ ಎಳೆದುಕೊಂಡು ನೇರ ಹೆಡ್‌ಮಿಸ್ ಕೋಣೆಗೆ ನಡೆದೆ. ಅವರು ಪೂರ್ತಿ ಕೇಳಿಸಿಕೊಂಡು, ಕೈಯಲ್ಲಿದ್ದ ಲೋಟ ಕೆಳಗಿಟ್ಟು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಅವರ ಮೊಮ್ಮಗನೂ ಅದೇ ವ್ಯಾನಿನಲ್ಲಿ ಬರುತ್ತಿದ್ದನಂತೆ.

ಗೇಟಿನ ಹತ್ತಿರ ಅಪ್ಪ ನಿಂತಿದ್ದ. ಹೇಳಿಬಿಟ್ಟೆಯಾ ಅಂತ ಕೇಳಿದ. ಹೇಳಿದೆ ಅಂದೆ. ಡಾಕ್ಟರ ಹತ್ರ ಕರ್ಕೊಂಡು ಹೋಗಿ, ಎಷ್ಟಿದೆ ಏನಿದೆ ಅಂತ ಅಳೆಸಿ ಆಮೇಲೆ ಹೇಳಬಹುದಿತ್ತು ಅಂದ. ನನ್ನ ಬಾಯಿಂದ ಥಟ್ಟನೆ ಬಂದೇಬಿಟ್ಟಿತು, ಮೊದಲು ಸಾರಬೇಕು ಆಮೇಲೆ ಅಳೀಬೇಕು ಅಂತ ಕಲಿಸಿದವನು ನೀನೇ ಅಲ್ವಾ ಅಂತ. ಅಪ್ಪ ತಲೆ ತಗ್ಗಿಸಿದ. ಅವತ್ತಿನಿಂದ ನನ್ನ ಹತ್ತಿರ ಮಾತಿಲ್ಲ. ಕಾಫಿ ಲೋಟ ಕೊಟ್ಟರೆ ತೆಗೆದುಕೊಳ್ಳುತ್ತಾನೆ, ಮುಖ ನೋಡುವುದಿಲ್ಲ.

ನಿನ್ನೆ ನಿನ್ನ ಭಾವನೂ ನಾನೂ ಸೇರಿ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ನಿನ್ನ ಭಾವ ಕರೆದದ್ದಕ್ಕೆ ಅಪ್ಪ ಬಂದ, ನಾನು ಕರೆದಿದ್ದರೆ ಬರುತ್ತಿರಲಿಲ್ಲ. ಒಂದು ಬಿಳಿ ಬೋಗುಣಿಯಂಥ ಯಂತ್ರದೊಳಗೆ ಮುಖ ಇಟ್ಟು ಕೂರಬೇಕು. ಒಳಗೆ ಅಲ್ಲಲ್ಲಿ ಸಣ್ಣ ಬೆಳಕು ಮಿನುಗುತ್ತದೆ, ಕಂಡಾಗಲೆಲ್ಲ ಗುಂಡಿ ಒತ್ತಬೇಕು. ಅಪ್ಪ ಬಹಳ ಶ್ರದ್ಧೆಯಿಂದ ಒತ್ತಿದ. ಕೊನೆಗೆ ಬಂದ ಕಾಗದದಲ್ಲಿ ಎಡಭಾಗ ಪೂರಾ ಮಸಿ. ಕಣ್ಣೊಳಗಿನ ಒತ್ತಡ ಏರಿ ಏರಿ ಎಡಗಣ್ಣು ಬಹುತೇಕ ಹೋಗಿದೆ, ಬಲಗಣ್ಣಿನಲ್ಲೂ ಮೂಗಿನ ಕಡೆಯ ಅರ್ಧ ಹೋಗುತ್ತಿದೆ. ಹೋದದ್ದು ಬರುವುದಿಲ್ಲ. ಇರುವುದನ್ನು ಉಳಿಸಿಕೊಳ್ಳಲು ದಿನಾ ಹನಿ ಹಾಕಬೇಕು.

ಹೋದ ಜಾಗ ಕಪ್ಪಾಗಿ ಕಾಣುವುದಿಲ್ಲವಂತೆ ಕಣೇ. ಖಾಲಿ ಅಂತಲೂ ಅನ್ನಿಸುವುದಿಲ್ಲವಂತೆ. ಅಕ್ಕಪಕ್ಕ ಏನಿದೆಯೋ ಅದನ್ನೇ ಎಳೆದು ಮಿದುಳು ಆ ತೂತನ್ನು ಮುಚ್ಚುತ್ತದೆಯಂತೆ. ಭಾನುವಾರ ನನ್ನ ಕೆಂಪು ರಾಕ್ಷಸರು ನಿಂತ ಕಡೆ ಅಪ್ಪನಿಗೆ ಕಂಡದ್ದು ಬರೀ ಹಸಿರು ಬಟ್ಟೆ. ಸೋಮವಾರ ತಳ್ಳುಗಾಡಿ ಇದ್ದ ಕಡೆ ಕಂಡದ್ದು ಖಾಲಿ ರಸ್ತೆ. ಇದನ್ನು ಕೇಳಿದಾಗಿನಿಂದ ನಾನು ಯಾವ ಖಾಲಿ ರಸ್ತೆಯನ್ನೂ ಎರಡೆರಡು ಸಲ ನೋಡದೆ ದಾಟುತ್ತಿಲ್ಲ.

ಡಾಕ್ಟರು ಇಷ್ಟೆಲ್ಲ ಹೇಳಿ, ಏನಾದರೂ ಕೇಳಬೇಕಾ ಅಂದರು. ಅಪ್ಪ ಕೇಳಿದ್ದು ಒಂದೇ, ಭಾನುವಾರ ಮೇಜಿನ ಆಟ ಆಡಬಹುದಾ ಅಂತ. ಧಾರಾಳವಾಗಿ ಆಡಿ ಅಂದರು ಅವರು, ಪಾಪ, ಅದೇನು ಆಟವೋ ಅವರಿಗೇನು ಗೊತ್ತು. ಅಪ್ಪ ಟೋಪಿ ಹಾಕಿಕೊಂಡು ಎದ್ದು ನಡೆದ, ಬಾಗಿಲ ಎಡ ಚೌಕಟ್ಟಿಗೆ ಭುಜ ತಾಗಿಸಿಕೊಂಡೇ ನಡೆದ. ಇದನ್ನು ನಾನು ಎಷ್ಟು ಸಲ ನೋಡಿದ್ದೇನೆ! ನಮ್ಮಪ್ಪ ಗತ್ತಿನವನು, ಭುಜ ಕುಣಿಸಿ ನಡೆಯುತ್ತಾನೆ ಅಂತ ಅಂದುಕೊಂಡಿದ್ದೆವು.

ಊರಲ್ಲಿ ಈಗ ಅರ್ಧ ಜನ ಅಪ್ಪನನ್ನು ಬಯ್ಯುತ್ತಾರೆ, ಅರ್ಧ ಜನ ನನ್ನನ್ನು. ಮಕ್ಕಳ ತಾಯಂದಿರು ಬಾಗಿಲಿಗೆ ಬಂದು, ಒಂದೇ ಮನೇಲಿದ್ದು ನಿನಗೆ ಗೊತ್ತಾಗಲಿಲ್ವಾ ಅಂತ ಕೇಳುತ್ತಾರೆ. ಮಾತ್ರೆ ಮಾತ್ರ ನಿನ್ನೆ ಸಂಜೆ ಬಂದು, ಹೊಸಬರಿಗೆಲ್ಲ ಎಡಕ್ಕೆ ಕೆರೆ ಇಡೋದು ಹೇಳಿಕೊಟ್ಟುಬಿಟ್ಟೆನಲ್ಲ ಅಂತ ತಲೆ ಚಚ್ಚಿಕೊಂಡ. ನಗು ಬಂತು, ಆಮೇಲೆ ಇಬ್ಬರಿಗೂ ಅಳು ಬಂತು.

ಈಗ ನಿನ್ನಿಂದ ಒಂದು ಕೆಲಸ ಆಗಬೇಕು. ಅಪ್ಪ ಇನ್ನೊಂದು ಕೀ ಎಲ್ಲೋ ಇಟ್ಟುಕೊಂಡಿದ್ದಾನೆ ಅಂತ ನನ್ನ ಅನುಮಾನ. ಇವತ್ತು ಬೆಳಗ್ಗೆ ವ್ಯಾನ್ ತೊಳೆದ, ಟೈರಿಗೆ ಗಾಳಿ ನೋಡಿದ. ಬೇರೆ ಯಾವುದೋ ಸಣ್ಣ ಶಾಲೆಯವರಿಗೆ ವ್ಯಾನ್ ಬೇಕಂತೆ ಅಂತ ಫೋನಲ್ಲಿ ಯಾರ ಹತ್ತಿರವೋ ಮಾತಾಡಿದ್ದನ್ನು ನಿನ್ನ ಭಾವ ಕೇಳಿಸಿಕೊಂಡಿದ್ದಾರೆ. ನನ್ನ ಮಾತು ಅವನ ಕಿವಿಗೆ ಹೋಗುವುದಿಲ್ಲ, ನಿನ್ನ ಮಾತು ಹೋಗುತ್ತದೆ. ಚಿಕ್ಕಂದಿನಿಂದ ನಿನ್ನ ಮಾತಿಗೆ ಮಾತ್ರ ಅವನು ಸೋಲುವುದು. ಬಂದುಬಿಡು. ಬಂದು ನನ್ನ ಪರ ಮಾತಾಡಬೇಡ, ಬೇಕಾದರೆ ಅವನ ಜೊತೆ ಸೇರಿಕೊಂಡು ನನ್ನನ್ನು ನಾಲ್ಕು ಬಯ್ಯಿ. ಆದರೆ ಆ ಕೀ ಅವನ ಕೈಯಿಂದಲೇ ಇಸಕೋ. ನಾನು ಕಿತ್ತುಕೊಂಡದ್ದು ಬೇರೆ, ಅವನಾಗಿ ಕೊಡುವುದು ಬೇರೆ. ಅವನಾಗಿ ಕೊಡದಿದ್ದರೆ ನಮ್ಮಪ್ಪ ನನಗೆ ವಾಪಸ್ ಸಿಗುವುದಿಲ್ಲ.

ಇಷ್ಟು ಓದಿದ ಮೇಲೂ ಕೋಪ ಇಳಿಯದಿದ್ದರೆ ಬರುವಾಗ ಜೊತೆಗೇ ತಗೊಂಡು ಬಾ, ಜಾಗ ಇದೆ.

ನಿನ್ನ ಅಕ್ಕ

ಮರೆತ ಮಾತು ಅಂತ ಬರೆಯುತ್ತಿದ್ದೇನೆ, ಮರೆತದ್ದಲ್ಲ. ಬರೆಯುವುದೋ ಬೇಡವೋ ಅಂತ ಇಷ್ಟು ಹೊತ್ತು ಒದ್ದಾಡಿದೆ. ಅಪ್ಪ ಪಕ್ಕದ ಕೋಣೆಯಲ್ಲಿ ಹನಿ ಹಾಕಿಸಿಕೊಳ್ಳುತ್ತಿದ್ದಾಗ ಡಾಕ್ಟರು ನನ್ನನ್ನು ಕರೆದು, ಇದು ಒಂದೇ ಮನೆಯವರಲ್ಲಿ ಬರುವುದುಂಟು, ನಿಮ್ಮದನ್ನೂ ನೋಡಿಬಿಡೋಣ ಅಂದರು. ನಾನೂ ಯಂತ್ರದ ಮುಂದೆ ಕೂತೆ. ಬೆಳಕು ಬಂದಾಗಲೆಲ್ಲ ಒತ್ತಿದೆ, ಒಂದನ್ನೂ ಬಿಡಲಿಲ್ಲ ಅಂತ ಹೆಮ್ಮೆಯಿಂದ ಎದ್ದೆ. ಕಾಗದ ಬಂತು. ಬಲಗಣ್ಣಿನ ಮೇಲಿನ ಮೂಲೆಯಲ್ಲಿ ಬೆರಳಗಲದ ಮಸಿ. ಈಗಷ್ಟೇ ಶುರು, ಹನಿ ಹಾಕಿದರೆ ನಿಲ್ಲುತ್ತದೆ ಅಂದರು. ಮಂಗಳವಾರವೂ ನಿನ್ನೆಯೂ ಚಿಲ್ಟಿಯನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಶಾಲೆಗೆ ಬಿಟ್ಟವಳು ನಾನೇ. ಅಪ್ಪನಿಗೆ ಹೇಳಿಲ್ಲ, ತನ್ನಿಂದ ಬಂತು ಅಂತ ಕೊರಗುತ್ತಾನೆ, ನೀನೂ ಹೇಳಬೇಡ. ನೀನು ದಿನಾ ಬೆಳಕು ಹರಿಯುವ ಮೊದಲೇ ಬ್ರೆಡ್ಡಿನ ಗಾಡಿ ಓಡಿಸಿಕೊಂಡು ಊರೆಲ್ಲ ಸುತ್ತುತ್ತೀಯ. ಈ ಕಾಗದ ಕೈಗೆ ಬಂದ ಕೂಡಲೇ ಆ ಗಾಡಿಯ ಕೀ ಬೇರೆ ಯಾರಿಗಾದರೂ ಕೊಡು. ನನ್ನ ಕಣ್ಣು ಚೆನ್ನಾಗೇ ಇದೆ ಅನ್ನಬೇಡ, ನನ್ನದೂ ಚೆನ್ನಾಗೇ ಇತ್ತು. ಮೊದಲು ತೋರಿಸಿಕೊಂಡು ಬಾ, ಬಸ್ಸು ಹತ್ತಿ ಬಾ. ಜಗಳ ಆಮೇಲೆ ಆಡೋಣ.